ಎರಡು ಚಾವಡಿಗಳ ನಡುವೆ ಒಂದು ಸಿಂಹಾಸನ

ಒಕಿನಾವಾ ದ್ವೀಪದ ನಾಹಾ ಬಂದರಿನಿಂದ ಪೂರ್ವಕ್ಕೆ, ಸುಮಾರು 120 ಮೀಟರ್ ಎತ್ತರದ ಸುಣ್ಣಕಲ್ಲಿನ ದಿಬ್ಬದ ಮೇಲೆ ಶುರಿ ಅರಮನೆಯಿದೆ. ರ್ಯುಕ್ಯು ಎಂಬ ಸ್ವತಂತ್ರ ರಾಜ್ಯಕ್ಕೆ ನಾಲ್ಕೂವರೆ ಶತಮಾನ ರಾಜಧಾನಿಯಾಗಿದ್ದ ಜಾಗ ಇದು. ದಿಬ್ಬವನ್ನು ಸುತ್ತುವ ಗೋಡೆಗಳು ಮೂಲೆಯಲ್ಲಿ ಕತ್ತರಿಸಿದಂತೆ ತಿರುಗದೆ ಬಳುಕುತ್ತ ಹೋಗುತ್ತವೆ. ಬಾಗಿಲ ನಂತರ ಬಾಗಿಲು ದಾಟಿ ಮೇಲೇರಿದರೆ ಊನಾ ಎಂಬ ಚೌಕಾಕಾರದ ಅಂಗಳ ಸಿಗುತ್ತದೆ. ಎದುರಿಗೆ ಪಶ್ಚಿಮಕ್ಕೆ ಮುಖಮಾಡಿದ ಮುಖ್ಯಭವನ ಸೇಯ್ದೆನ್. 2019ರ ಬೆಂಕಿಯ ತನಕ ಎಡಕ್ಕೆ ಉತ್ತರದ ಚಾವಡಿ, ಬಲಕ್ಕೆ ದಕ್ಷಿಣದ ಚಾವಡಿ ಇದ್ದವು. ಚೀನಾ, ಕೊರಿಯಾಗಳ ಅರಮನೆಗಳು ದಕ್ಷಿಣಾಭಿಮುಖವಾಗಿರುವುದು ರೂಢಿ, ಆದ್ದರಿಂದ ಈ ಪಶ್ಚಿಮದ ಮುಖ ಬಹಳ ಚರ್ಚೆಗೆ ಒಳಗಾಗಿದೆ. ಪಶ್ಚಿಮವೆಂದರೆ ಚೀನಾ, ಸಾಮಂತ ತನ್ನ ಚಕ್ರವರ್ತಿಯ ಕಡೆ ನೋಡುತ್ತಿದ್ದಾನೆ ಎಂದು ಕೆಲವರು ಓದುತ್ತಾರೆ. ಪಶ್ಚಿಮವೆಂದರೆ ಕೆಳಗಿನ ಬಂದರು, ದಿಬ್ಬ ಇಳಿಯುವ ದಿಕ್ಕೇ ಅದು ಎಂದು ಇನ್ನು ಕೆಲವರು. ಆ ಜಗಳವನ್ನು ಬದಿಗಿಡೋಣ. ಹೇಳಬೇಕಾದ್ದನ್ನು ಅಂಗಳದ ಎರಡು ಬದಿಗಳೇ ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆ. ಉತ್ತರದ ಚಾವಡಿ ಕೆಂಪು ಬಳಿದ ಚೀನೀ ಶೈಲಿಯದು, ಚೀನಾದ ರಾಯಭಾರಿಗಳನ್ನು ಸತ್ಕರಿಸುವುದಕ್ಕೆ. ದಕ್ಷಿಣದ್ದು ಬಣ್ಣವಿಲ್ಲದ ಬರೀ ಮರದ ಜಪಾನೀ ಶೈಲಿಯದು, ಜಪಾನಿನ ಸತ್ಸುಮಾ ಸಂಸ್ಥಾನದ ಅಧಿಕಾರಿಗಳಿಗಾಗಿ. ನಡುವಿನ ಸೇಯ್ದೆನ್‌ಗೆ ಬೀಜಿಂಗ್‌ನ ಅರಮನೆಗಳ ಕೆಂಪು ಮತ್ತು ಡ್ರ್ಯಾಗನ್, ಜೊತೆಗೆ ಜಪಾನಿನ ದೇಗುಲಗಳ ಬಾಗಿದ ಮುಂಗೋಪುರ. ಎರಡೂ ಸೇರಿ ಎರಡೂ ಕಡೆ ಕಾಣಸಿಗದ ಒಂದು ರೂಪ. ಈ ಅಂಗಳ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಇಬ್ಬರು ಒಡೆಯರನ್ನು ಒಂದೇ ಮನೆಯಲ್ಲಿ ಬೇರೆಬೇರೆಯಾಗಿ ಕೂರಿಸಿ, ಇಬ್ಬರಲ್ಲಿ ಯಾರೂ ಮನೆಯನ್ನು ಪೂರ್ತಿ ತಮ್ಮದೆನ್ನದಂತೆ ನೋಡಿಕೊಳ್ಳುವ ರಾಜನೀತಿಯ ಕಟ್ಟಡರೂಪ ಅದು. ರ್ಯುಕ್ಯುವಿನ ಸ್ವಾತಂತ್ರ್ಯವೆಂದರೆ ಈ ಕೆಲಸವೇ ಆಗಿತ್ತು ಎಂಬುದು ನನ್ನ ವಾದ.

ಕಥೆ ಶುರುವಾದದ್ದು ಹೀಗಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಈ ಒಂದೇ ದ್ವೀಪದಲ್ಲಿ ಮೂರು ರಾಜ್ಯಗಳಿದ್ದವು: ಉತ್ತರಕ್ಕೆ ಹೊಕುಜಾನ್, ನಡುವೆ ಚುಜಾನ್, ದಕ್ಷಿಣಕ್ಕೆ ನಾನ್‌ಜಾನ್. ಮೂವರೂ ಮಿಂಗ್ ಚೀನಾಕ್ಕೆ ಕಪ್ಪ ಕಳಿಸುತ್ತಿದ್ದರು. ಕಪ್ಪ ಎನ್ನುವುದು ಹೆಸರಿಗೆ. ಅದರ ಬೆನ್ನಿಗೆ ಬರುತ್ತಿದ್ದುದು ವ್ಯಾಪಾರದ ಪರವಾನಗಿ. 1406ರಲ್ಲಿ ಚುಜಾನ್ ಗದ್ದುಗೆಯನ್ನು ಕಿತ್ತುಕೊಂಡ ಶೋ ಹಾಶಿ 1416ರಲ್ಲಿ ಉತ್ತರವನ್ನೂ 1429ರಲ್ಲಿ ದಕ್ಷಿಣವನ್ನೂ ಗೆದ್ದ. ರಾಜಧಾನಿ ಉರಾಸೊಯೆಯಿಂದ ಶುರಿಗೆ ಬಂತು. 1427ರ ಒಂದು ಶಿಲಾಶಾಸನ ಅರಮನೆಯ ಪಕ್ಕ ಕೆರೆ ತೋಡಿಸಿ, ಗಿಡಮರ ನೆಡಿಸಿದ್ದನ್ನು ದಾಖಲಿಸುತ್ತದೆ. ಆ ಹೊತ್ತಿಗೆ ರಾಜಧಾನಿ ನೆಲೆಯೂರಿತ್ತೆಂದು ಅರ್ಥ. ಮಿಂಗ್ ದೊರೆಗಳು ತಮ್ಮ ಪ್ರಜೆಗಳು ಖಾಸಗಿಯಾಗಿ ಸಮುದ್ರ ವ್ಯಾಪಾರ ಮಾಡುವುದನ್ನು ನಿಷೇಧಿಸಿದ್ದ ಕಾಲ ಅದು. ಚೀನೀ ಪಿಂಗಾಣಿಯೂ ರೇಷ್ಮೆಯೂ ಹೊರಗೆ ಹೋಗಬೇಕು, ಸಿಯಾಮ್ ಮತ್ತು ಮಲಕ್ಕಾದ ಕಾಳುಮೆಣಸು, ಸಪ್ಪನ್ ಮರ ಒಳಗೆ ಬರಬೇಕು, ಆದರೆ ನಡುವೆ ಹಡಗು ಯಾರದು? ಆ ಬಿರುಕಿನಲ್ಲಿ ರ್ಯುಕ್ಯು ಬೆಳೆಯಿತು. 1458ರಲ್ಲಿ ಎರಕ ಹೊಯ್ದು ಅರಮನೆಯಲ್ಲಿ ತೂಗಿಸಿದ ಕಂಚಿನ ಗಂಟೆಯ ಮೇಲಿನ ಬರಹ ಕೊರಿಯಾ, ಚೀನಾ, ಜಪಾನ್ ಮೂರನ್ನೂ ಹೆಸರಿಸಿ, ಈ ಪುಟ್ಟ ರಾಜ್ಯದ ಹಡಗುಗಳೇ ನಾಡು ನಾಡುಗಳ ನಡುವಿನ ಸೇತುವೆ ಎಂದು ಹೆಮ್ಮೆಪಡುತ್ತದೆ. ಬಡಾಯಿ ಎನ್ನಬೇಡಿ. ಅರಮನೆಯೊಳಗಿನ ಕ್ಯೋನೊಉಚಿ ಎಂಬ ಪವಿತ್ರ ಆವರಣವನ್ನು ಅಗೆದಾಗ ಹದಿನೈದನೆಯ ಶತಮಾನದಲ್ಲಿ ಸುಟ್ಟುಹೋದ ಉಗ್ರಾಣದ ಬೂದಿಯಲ್ಲಿ ಚೀನಾ, ಥಾಯ್ಲೆಂಡ್, ವಿಯೆಟ್ನಾಮ್‌ಗಳ ಪಿಂಗಾಣಿ ರಾಶಿಯಾಗಿ ಸಿಕ್ಕಿತು. ಎರಡನೆಯ ಶೋ ವಂಶದ ಶೋ ಶಿನ್ 1477ರಿಂದ 1526ರ ತನಕ ಆಳಿ ಊರೂರಿನ ಪಾಳೆಯಗಾರರನ್ನು ಶುರಿಯಲ್ಲೇ ಬಂದು ನೆಲಸುವಂತೆ ಮಾಡಿದ. ಅರಮನೆ ಅಲ್ಲಿಂದಾಚೆಗೆ ದ್ವೀಪಸ್ತೋಮದ ಒಂದೇ ಒಂದು ಅಧಿಕಾರಕೇಂದ್ರವಾಯಿತು.

ಇಲ್ಲೇ ಒಂದು ಹಳೆಯ, ಮುದ್ದಾದ ತಪ್ಪುಕಲ್ಪನೆಯನ್ನು ಎದುರಿಸಬೇಕು. ಬ್ರಿಟಿಷ್ ನೌಕಾಧಿಕಾರಿ ಬೇಸಿಲ್ ಹಾಲ್ 1816ರಲ್ಲಿ ಇಲ್ಲಿಗೆ ಬಂದು, ಮರಳುವಾಗ ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ನನ್ನು ಕಂಡು, ಆಯುಧಗಳೇ ಇಲ್ಲದ ಜನರ ಬಗ್ಗೆ ಹೇಳಿ ಅವನನ್ನು ಬೆರಗುಗೊಳಿಸಿದ. ಒಕಿನಾವಾ ಅಧ್ಯಯನದ ಪಿತಾಮಹ ಎನಿಸಿದ ಇಹಾ ಫುಯು 1509ರ ಅರಮನೆಯ ಕಟಾಂಜನದ ಶಾಸನವೊಂದನ್ನು ಓದಿ, ಶೋ ಶಿನ್ ಶಸ್ತ್ರಗಳನ್ನು ರದ್ದುಮಾಡಿದನೆಂದು ಅರ್ಥ ಮಾಡಿದರು. ಎರಡೂ ಸೇರಿ, ಆಯುಧ ಬಿಟ್ಟು ಸೌಜನ್ಯದಿಂದಲೇ ಬದುಕಿದ ಶಾಂತಿದ್ವೀಪ ಎಂಬ ಚಿತ್ರ ಹುಟ್ಟಿತು. ಪ್ರವಾಸಿ ಪುಸ್ತಿಕೆಗಳು ಇವತ್ತಿಗೂ ಅದನ್ನೇ ಮಾರುತ್ತವೆ. ಆದರೆ ಆ ಶಾಸನದ ಸಾಲುಗಳು ಕತ್ತಿ, ಬಿಲ್ಲುಗಳನ್ನು ಕೂಡಿಟ್ಟು ನಾಡಿನ ರಕ್ಷಣೆಗೆ ಸಜ್ಜುಮಾಡಿದ್ದನ್ನು ಹೇಳುತ್ತವೆ ಎಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದೇ ಶೋ ಶಿನ್ 1500ರಲ್ಲಿ ಯಾಯೆಯಾಮಾ ದ್ವೀಪಗಳ ಮೇಲೆ ದಂಡು ಕಳಿಸಿ, ಓಯಾಕೆ ಅಕಾಹಾಚಿಯ ಬಂಡಾಯವನ್ನು ಬಗ್ಗುಬಡಿದವನು. ನಾಹಾ ಬಂದರಿನ ಬಾಯಲ್ಲಿ ಫಿರಂಗಿಗಳ ಸಣ್ಣ ಕೋಟೆಗಳಿದ್ದವು. ಶುರಿಯ ಗೋಡೆಗಳೂ ಹೂದೋಟದ ಬೇಲಿಗಳಲ್ಲ. ಆದ್ದರಿಂದ ರ್ಯುಕ್ಯು ಮೃದುವಾಗಿತ್ತು ಎನ್ನುವುದು ಸುಳ್ಳು. ಅದು ಚಿಕ್ಕದಾಗಿತ್ತು, ಮತ್ತು ತಾನು ಚಿಕ್ಕದೆಂಬುದನ್ನು ಬಲ್ಲದಾಗಿತ್ತು. ಬಲ ಸಾಕಾದ ಕಡೆ ಬಲವನ್ನೂ, ಸಾಲದ ಕಡೆ ವಿನಯವನ್ನೂ ಬಳಸಿತು.

ಬಲ ಸಾಲದೆಂಬುದು 1609ರಲ್ಲಿ ಸಾಬೀತಾಯಿತು. ಕ್ಯುಶುವಿನ ದಕ್ಷಿಣ ತುದಿಯ ಸತ್ಸುಮಾ ಸಂಸ್ಥಾನದ ಶಿಮಾಜು ಮನೆತನ, ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನ್‌ನ ಒಪ್ಪಿಗೆ ಪಡೆದು, ಸುಮಾರು 3,000 ಸೈನಿಕರನ್ನು ಹಡಗೇರಿಸಿತು. ಜಪಾನಿನ ಆಂತರಿಕ ಯುದ್ಧಗಳಲ್ಲಿ ಪಳಗಿದ ಬಂದೂಕಿನ ಪಡೆ ಅದು. ನಾಹಾ ಬಂದರಿನ ಫಿರಂಗಿಗಳು ಎದುರಿಸಿದವು. ಆದರೆ ಮುಖ್ಯ ದಂಡು ಉತ್ತರದಿಂದ ನೆಲದ ಹಾದಿ ಹಿಡಿದು ಬಂದು ಶುರಿಯನ್ನು ಮುತ್ತಿತು. ರಾಜ ಶೋ ನೇಯ್ ಶರಣಾದ. ಅವನನ್ನು ಜಪಾನಿಗೆ ಒಯ್ದು, ಎರಡು ವರ್ಷ ಇಟ್ಟುಕೊಂಡು, ರ್ಯುಕ್ಯು ಹಿಂದಿನಿಂದಲೂ ಶಿಮಾಜು ಮನೆತನದ ಅಧೀನವೇ ಆಗಿತ್ತೆಂದು ಪ್ರಮಾಣಪತ್ರ ಬರೆಸಿಕೊಂಡರು. ಜಾನಾ ಎಂಬ ಮಂತ್ರಿ ರುಜು ಹಾಕಲು ಒಪ್ಪಲಿಲ್ಲ. ಅವನ ತಲೆ ಕಡಿದರು. ಉತ್ತರದ ಅಮಾಮಿ ದ್ವೀಪಗಳು ಸತ್ಸುಮಾದ ಪಾಲಾದವು. ಉಳಿದ ನೆಲವನ್ನು ಅಳೆದು, ಸುಮಾರು 89,000 ಕೊಕು ಅಕ್ಕಿಯ ಆದಾಯದ ರಾಜ್ಯವೆಂದು ಗೊತ್ತುಮಾಡಿ, ಅದರ ಮೇಲೆ ವಾರ್ಷಿಕ ತೆರಿಗೆ ವಿಧಿಸಿದರು. ಆದರೆ ರಾಜನನ್ನು ಗದ್ದುಗೆಯಿಂದ ಇಳಿಸಲಿಲ್ಲ, 1611ರಲ್ಲಿ ಶುರಿಗೆ ಹಿಂದಕ್ಕೆ ಕಳಿಸಿದರು. ಕಾರಣ ದಯೆಯಲ್ಲ, ಲೆಕ್ಕಾಚಾರ. ಚೀನಾ ಜಪಾನಿನೊಡನೆ ನೇರ ವ್ಯಾಪಾರಕ್ಕೆ ಒಪ್ಪುತ್ತಿರಲಿಲ್ಲ. ರ್ಯುಕ್ಯು ಸ್ವತಂತ್ರ ರಾಜ್ಯವಾಗಿ ಕಂಡರೆ ಮಾತ್ರ ಕಪ್ಪದ ಹಡಗು ಫುಝೌ ಬಂದರಿಗೆ ಹೋಗಿ ಬರಬಹುದಿತ್ತು. ಅಂದರೆ ರ್ಯುಕ್ಯುವಿನ ರಾಜತ್ವ ಅದರ ವಿಜೇತನಿಗೇ ಬೇಕಾಗಿತ್ತು. ಶುರಿಯ ಆಸ್ಥಾನ ಈ ಗುಟ್ಟನ್ನು ಬೇಗ ಅರಿತಿತು. ಮುಂದಿನ 270 ವರ್ಷ ಅದು ಎರಡು ದೋಣಿಗಳಲ್ಲಿ ಕಾಲಿಟ್ಟು ನಡೆಯಿತು, ಮುಳುಗಲಿಲ್ಲ.

ದಕ್ಷಿಣದ ಚಾವಡಿ ಕಟ್ಟಿದ್ದು ಇದಾದ ಮೇಲೆ, 1620ರ ದಶಕದಲ್ಲಿ. ಅಂಗಳದ ಸಮತೋಲ ಹೀಗೆ ಸೋಲಿನಿಂದ ಹುಟ್ಟಿದ್ದು. ಆದರೆ ಅದರಲ್ಲಿ ನಡೆದ ಆಟ ಸೋತವರ ಆಟವಾಗಿರಲಿಲ್ಲ. ಹೊಸ ರಾಜ ಪಟ್ಟಕ್ಕೆ ಬಂದಾಗ ಅವನಿಗೆ ಮನ್ನಣೆ ನೀಡಲು ಚೀನಾದ ಚಕ್ರವರ್ತಿ ರಾಯಭಾರಿಗಳನ್ನು ಕಳಿಸುತ್ತಿದ್ದ. ನಾನೂರರಷ್ಟು ಮಂದಿಯ ಪರಿವಾರ, ತಿಂಗಳುಗಟ್ಟಲೆ ಬೀಡು. ಆ ಹೊತ್ತಿಗೆ ನಾಹಾದಲ್ಲಿ ಬೀಡುಬಿಟ್ಟಿದ್ದ ಸತ್ಸುಮಾ ಅಧಿಕಾರಿಗಳು ಗಂಟುಮೂಟೆ ಕಟ್ಟಿಕೊಂಡು ಉರಾಸೊಯೆಯ ಗುಸುಕುಮಾ ಹಳ್ಳಿಗೆ ಹೋಗಿ ಅವಿತುಕೊಳ್ಳುತ್ತಿದ್ದರು. ಜಪಾನೀ ನಾಣ್ಯಗಳನ್ನು ಬಚ್ಚಿಡಬೇಕು, ಜಪಾನೀ ಹಾಡು ಹಾಡಬಾರದು, ಜಪಾನೀ ಸರಕು ಎಲ್ಲಿಯದೆಂದು ಕೇಳಿದರೆ ತಕಾರಾ ದ್ವೀಪದ್ದು ಎನ್ನಬೇಕು ಎಂದು ಪ್ರಜೆಗಳಿಗೆ ಕಟ್ಟಪ್ಪಣೆ. ಊನಾ ಅಂಗಳದಲ್ಲಿ ಪಟ್ಟಾಭಿಷೇಕದ ವಿಧಿ, ಉತ್ತರದ ಚಾವಡಿಯಲ್ಲಿ ಔತಣ, ಅಂಗಳದಲ್ಲಿ ರಂಗ ಹಾಕಿ ಕುಣಿತ, ನಾಟಕ. 1719ರಲ್ಲಿ ಶೋ ಕೇಯ್ ರಾಜನ ಮನ್ನಣೆಗೆ ಬಂದ ರಾಯಭಾರಿಗಳ ಮುಂದೆ ಆಡಲೆಂದೇ ತಮಾಗುಸುಕು ಚೋಕುನ್ ಎಂಬ ಅಧಿಕಾರಿ ಕುಮಿಓದೊರಿ ಎಂಬ ಗೀತನಾಟಕ ಪ್ರಕಾರವನ್ನು ಕಟ್ಟಿದ. ಜಪಾನಿನ ನೋ ರಂಗಭೂಮಿಯಿಂದ ಕಲಿತದ್ದನ್ನು ರ್ಯುಕ್ಯು ಭಾಷೆ, ಸಂಗೀತಕ್ಕೆ ಒಗ್ಗಿಸಿ ಚೀನೀಯರಿಗೆ ಉಣಬಡಿಸಿದ್ದು! ಇದಕ್ಕಿಂತ ಚೊಕ್ಕವಾಗಿ ಆ ಅರಮನೆಯ ಜಾಣತನವನ್ನು ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನೊಂದು ದಿಕ್ಕಿನಲ್ಲಿ, 1634ರಿಂದ 1850ರ ನಡುವೆ 18 ಬಾರಿ ರ್ಯುಕ್ಯು ನಿಯೋಗಗಳು ಎದೋ ನಗರಕ್ಕೆ ಶೋಗನ್‌ನ ಭೇಟಿಗೆ ಹೋದವು. ಅಲ್ಲಿ ಬೇಕಾಗಿದ್ದುದು ಉಲ್ಟಾ ವೇಷ. ಜಪಾನೀಯರಂತೆ ಕಾಣಬಾರದು, ಪರದೇಶಿಗಳಾಗಿಯೇ ಕಾಣಬೇಕು ಎಂದು ಸತ್ಸುಮಾದ ಆದೇಶ. ಪರರಾಜನೊಬ್ಬ ತನ್ನ ಅಧೀನನೆಂದು ಮೆರೆಯುವುದು ಅದರ ಪ್ರತಿಷ್ಠೆ. ಚೀನಾದೆದುರು ಜಪಾನನ್ನು ಅಳಿಸಿ, ಜಪಾನಿನೆದುರು ಚೀನಾವನ್ನು ತೊಟ್ಟು, ಮರಳಿ ಬಂದು ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು.

ಇದೆಲ್ಲ ಗುಲಾಮನ ನಟನೆ, ಇದಕ್ಕೆ ಸ್ವಾತಂತ್ರ್ಯದ ಹೆಸರು ಯಾಕೆ ಎಂದು ಕೇಳಬಹುದು. ಸೂತ್ರ ಸತ್ಸುಮಾದ ಕೈಯಲ್ಲಿತ್ತು, ಶುರಿಯದು ಬೊಂಬೆಯಾಟ ಎಂಬ ಆಕ್ಷೇಪ ಹಳೆಯದು, ಹಗುರವಾದುದೂ ಅಲ್ಲ. ಚೀನಾ ಮೋಸಹೋಯಿತು ಎಂಬುದು ಇದರ ಜೊತೆಗೇ ಬರುವ ಊಹೆ. ಮೊದಲು ಎರಡನೆಯದನ್ನು ನೋಡಿ. 1609ರ ದಾಳಿಯ ಸುದ್ದಿ ಬೀಜಿಂಗ್‌ಗೆ ತಲುಪಿತ್ತು. ಅದಕ್ಕೇ 1612ರಲ್ಲಿ ಮಿಂಗ್ ಆಸ್ಥಾನ ರ್ಯುಕ್ಯು ಹತ್ತು ವರ್ಷಕ್ಕೊಮ್ಮೆ ಕಪ್ಪ ತಂದರೆ ಸಾಕೆಂದು ಸಂಬಂಧವನ್ನು ಸಡಿಲಿಸಿತು. ಬೆನ್ನುಬಿಡದೆ ಬೇಡಿಕೊಂಡ ಶುರಿ 1622ರಲ್ಲಿ ಅದನ್ನು ಐದು ವರ್ಷಕ್ಕೆ, 1633ರಲ್ಲಿ ಎರಡು ವರ್ಷಕ್ಕೆ ಇಳಿಸಿಕೊಂಡಿತು. ಗೊತ್ತಿದ್ದೂ ಗೊತ್ತಿಲ್ಲದಂತಿರುವುದು ಚೀನಾಕ್ಕೂ ಅನುಕೂಲವಾಗಿತ್ತು. ಮೂವರೂ ಸತ್ಯ ಬಲ್ಲರು, ಮೂವರೂ ಆಡಲಿಲ್ಲ. ಈ ಮೌನವನ್ನು ಕಾಯುವ ಕೆಲಸ ಶುರಿಯದು. ಇನ್ನು ಬೊಂಬೆಯ ಮಾತು. ಬೊಂಬೆ ತನ್ನ ಹೆಸರಿನಲ್ಲಿ ಒಪ್ಪಂದ ಮಾಡಿಕೊಳ್ಳುವುದಿಲ್ಲ. 1853ರ ಜೂನ್ 6ರಂದು ಅಮೆರಿಕದ ನೌಕಾಧಿಕಾರಿ ಪೆರ್ರಿ ಬೇಡವೆಂದರೂ ಕೇಳದೆ ಸೈನಿಕರೊಡನೆ ಶುರಿ ದಿಬ್ಬ ಹತ್ತಿದಾಗ, ಅವನನ್ನು ಉತ್ತರದ ಚಾವಡಿಯಲ್ಲಿ ಕೂರಿಸಿ ಉಪಚರಿಸಿದರು, ರಾಜನನ್ನು ತೋರಿಸಲಿಲ್ಲ. 1854ರಲ್ಲಿ ಅಮೆರಿಕ, 1855ರಲ್ಲಿ ಫ್ರಾನ್ಸ್, 1859ರಲ್ಲಿ ನೆದರ್ಲೆಂಡ್ಸ್ ರ್ಯುಕ್ಯು ರಾಜ್ಯದೊಡನೆಯೇ ಒಪ್ಪಂದ ಮಾಡಿಕೊಂಡವು. ಆ ಮೂಲಪ್ರತಿಗಳು ಇಂದು ಟೋಕಿಯೋದ ವಿದೇಶಾಂಗ ದಫ್ತರಖಾನೆಯಲ್ಲಿವೆ, ಜಪಾನಿನ ಮೇಯ್ಜಿ ಸರ್ಕಾರ ಕಿತ್ತುಕೊಂಡು ಹೋದದ್ದು. ಬೆಲೆಯಿಲ್ಲದ ಕಾಗದವಾಗಿದ್ದರೆ ಕಿತ್ತುಕೊಳ್ಳುವ ಅಗತ್ಯವೇನಿತ್ತು?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ, ಅದಕ್ಕೆ ಪೂರ್ತಿ ಉತ್ತರ ಇಲ್ಲವೆಂದೇ ನನ್ನ ಅಭಿಪ್ರಾಯ. ಈ ಸಂಭ್ರಮದ ಖರ್ಚು ಯಾರದು? ರಾಯಭಾರಿಗಳ ಪರಿವಾರ ಮಾರಲು ತಂದ ಸರಕನ್ನು ಆಸ್ಥಾನವೇ ಕೊಳ್ಳಬೇಕಿತ್ತು, ಅದಕ್ಕೆ ಸತ್ಸುಮಾದಿಂದ ಸಾಲ, ಸಾಲಕ್ಕೆ ಸಕ್ಕರೆ. ರೈತ ಕಬ್ಬು ಅರೆದ. ಮಿಯಾಕೊ, ಯಾಯೆಯಾಮಾ ದ್ವೀಪಗಳ ಮೇಲೆ 1637ರಿಂದ ತಲೆಗಂದಾಯ ಬಿತ್ತು. ಗಂಡಸರು ಧಾನ್ಯ, ಹೆಂಗಸರು ನೇಯ್ದ ಬಟ್ಟೆ ತೆರಬೇಕು, ಬೆಳೆ ಬರಲಿ ಬಾರದಿರಲಿ. ರಾಜ್ಯವೇ ಹೋದ ಮೇಲೂ ಆ ತೆರಿಗೆ 1903ರ ತನಕ ಉಳಿಯಿತು. ಆ ದ್ವೀಪಗಳಿಂದ ನೋಡಿದರೆ ಶುರಿಯೂ ಒಂದು ಸತ್ಸುಮಾ. ಸೇಯ್ದೆನ್‌ನ ಕೆಂಪನ್ನು ಹೊಗಳುವವರು ಈ ಲೆಕ್ಕವನ್ನು ಪಕ್ಕದಲ್ಲೇ ಬರೆಯಬೇಕು. ಆದರೆ ಇದು ನನ್ನ ವಾದದ ವ್ಯಾಪ್ತಿಯನ್ನು ಕಿರಿದು ಮಾಡುತ್ತದೆಯೇ ಹೊರತು ಅದನ್ನು ಮುರಿಯುವುದಿಲ್ಲ. ಸ್ವತಂತ್ರ ರಾಜ್ಯ ನ್ಯಾಯವಂತ ರಾಜ್ಯವೇ ಆಗಿರಬೇಕೆಂದಿಲ್ಲ. ಕಟ್ಟಡದ ಮರ ಕೂಡ ಇದೇ ಅಡಕತ್ತರಿಯನ್ನು ಹೇಳುತ್ತದೆ. 1453ರ ದಾಯಾದಿ ಕಲಹದಲ್ಲಿ, ಆಮೇಲೆ 1660ರಲ್ಲಿ, 1709ರಲ್ಲಿ ಅರಮನೆ ಸುಟ್ಟಿತು. ಮೂರನೆಯ ಬಾರಿ ದ್ವೀಪದಲ್ಲಿ ದೊಡ್ಡ ಮರ ಸಾಲದೆ ಸತ್ಸುಮಾ ಕೊಟ್ಟ ದಿಮ್ಮಿಗಳಿಂದ ಕಟ್ಟಿದರು. 1715ಕ್ಕೆ ಮುಗಿದ ಆ ಕಟ್ಟಡವೇ ಇಪ್ಪತ್ತನೆಯ ಶತಮಾನದ ತನಕ ನಿಂತದ್ದು. ಅದರೊಳಗೆ, ಜಪಾನೀ ದೊರೆಯ ಮರದ ಕಂಬಗಳ ನಡುವೆ, ಕಾಂಗ್ಶಿ ಚಕ್ರವರ್ತಿ ದಯಪಾಲಿಸಿದ ಫಲಕ ಸಿಂಹಾಸನದ ಮೇಲೆ ತೂಗುತ್ತಿತ್ತು. ಮುಂದೆ ಸೈ ಓನ್ ಎಂಬ ಮಂತ್ರಿ ಕಾಡು ಬೆಳೆಸುವುದನ್ನೇ ರಾಜ್ಯದ ಕೆಲಸವಾಗಿ ಮಾಡಿದ. ಮರಕ್ಕೆ ಕೈಚಾಚಬೇಕಾದ ರಾಜ್ಯಕ್ಕೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು.

ಈ ಏರ್ಪಾಡನ್ನು ಕೊನೆಗೂ ಕೆಡಿಸಿದ್ದು ಬಲವಂತ ಮಾತ್ರವಲ್ಲ, ಒಂದು ಹೊಸ ತರ್ಕ. ನೆಲಕ್ಕೆ ಒಬ್ಬನೇ ಒಡೆಯನಿರಬೇಕು, ಗಡಿ ನಕ್ಷೆಯ ಮೇಲೆ ಒಂದೇ ಗೆರೆಯಾಗಿರಬೇಕು ಎಂಬ ಯುರೋಪಿನ ನಿಯಮವನ್ನು ಮೇಯ್ಜಿ ಜಪಾನ್ ಅವಸರದಿಂದ ಕಲಿತಿತ್ತು. ಆ ನಿಯಮದೆದುರು ಎರಡು ಚಾವಡಿಗಳ ಅಂಗಳ ಅರ್ಥವಾಗದ ವಸ್ತು. 1872ರಲ್ಲಿ ಶೋ ತಾಯ್ ರಾಜನನ್ನು ಜಪಾನೀ ಸಂಸ್ಥಾನದ ಅಧಿಪತಿಯೆಂದು ಹೆಸರಿಸಿದರು. ಬಿರುಗಾಳಿಗೆ ಸಿಕ್ಕು ತೈವಾನಿನ ದಡ ಸೇರಿ ಅಲ್ಲಿ ಕೊಲೆಯಾದ 54 ಮಿಯಾಕೊ ಜನರನ್ನು ತನ್ನ ಪ್ರಜೆಗಳೆಂದು ಘೋಷಿಸಿ 1874ರಲ್ಲಿ ಜಪಾನ್ ತೈವಾನಿನ ಮೇಲೆ ದಂಡೆತ್ತಿತು. ತಲೆಗಂದಾಯ ತೆತ್ತು ಬಳಲಿದವರು ಸತ್ತ ಮೇಲೆ ಎಲ್ಲರಿಗೂ ಬೇಕಾದರು. 1875ರಲ್ಲಿ ಚೀನಾಕ್ಕೆ ಕಪ್ಪ ನಿಲ್ಲಿಸಿ ಎಂಬ ಆಜ್ಞೆ ಬಂತು. ಶುರಿ ನಾಲ್ಕು ವರ್ಷ ಸಬೂಬು ಹೇಳಿತು, ಅರ್ಜಿ ಹಾಕಿತು, ಗುಟ್ಟಾಗಿ ಚೀನಾಕ್ಕೆ ದೂತರನ್ನು ಕಳಿಸಿತು. ಹಳೆಯ ವಿದ್ಯೆಯೆಲ್ಲವನ್ನೂ ಪ್ರಯೋಗಿಸಿತು. 1879ರ ಮಾರ್ಚ್ 27ರಂದು ಜಪಾನ್ ಸರ್ಕಾರದ ಅಧಿಕಾರಿ ಮಾತ್ಸುದಾ ಮಿಚಿಯುಕಿ ಪೊಲೀಸರು ಮತ್ತು ಸೈನಿಕರೊಡನೆ ಅರಮನೆಗೆ ಬಂದು ರಾಜ್ಯ ರದ್ದಾಯಿತೆಂದು ಓದಿದ. ಆ ತಿಂಗಳ ಕೊನೆಗೆ ಕೋಟೆ ಹಸ್ತಾಂತರವಾಗಿ, ಏಪ್ರಿಲ್ 4ಕ್ಕೆ ಒಕಿನಾವಾ ಪ್ರಿಫೆಕ್ಚರ್ ಎಂಬ ಜಪಾನೀ ಪ್ರಾಂತ ಹುಟ್ಟಿತು. ಜಪಾನಿನ ಆಂತರಿಕ ಆಡಳಿತ ಸುಧಾರಣೆಯಷ್ಟೇ ಇದು ಎನ್ನುವವರಿಗೆ ಮರುವರ್ಷದ ಸಂಗತಿ ಸಾಕು. ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಮಧ್ಯಸ್ಥಿಕೆಯ ಬೆನ್ನಿಗೆ, ವ್ಯಾಪಾರದ ಸವಲತ್ತಿಗೆ ಬದಲಾಗಿ ಮಿಯಾಕೊ, ಯಾಯೆಯಾಮಾಗಳನ್ನು ಚೀನಾಕ್ಕೆ ಬಿಟ್ಟುಕೊಡಲು ಟೋಕಿಯೋ 1880ರಲ್ಲಿ ಮುಂದಾಗಿತ್ತು. ತನ್ನ ಅವಿಭಾಜ್ಯ ಅಂಗವನ್ನು ಯಾರೂ ಸುಂಕದ ರಿಯಾಯಿತಿಗೆ ಮಾರುವುದಿಲ್ಲ. ಒಪ್ಪಂದಕ್ಕೆ ಚೀನಾ ಮೊಹರು ಹಾಕಲಿಲ್ಲ. ವಿಭಜನೆಯನ್ನು ತಡೆಯಲು ಬೀಜಿಂಗ್‌ನಲ್ಲಿ ಅಂಗಲಾಚುತ್ತಿದ್ದ ರಿನ್ ಸೇಕೊ ಎಂಬ ರ್ಯುಕ್ಯು ಅಧಿಕಾರಿ ಅದೇ ವರ್ಷ ಪ್ರಾಣ ಕಳೆದುಕೊಂಡ.

ಅಲ್ಲಿಂದ ಮುಂದೆ ದಿಬ್ಬದ ಚರಿತ್ರೆ ನನ್ನ ವಾದಕ್ಕೆ ತಲೆಕೆಳಗಾದ ಸಾಕ್ಷಿ. ಹೊಸದಾಗಿ ಬಂದ ಒಡೆಯರೆಲ್ಲ ಅದನ್ನು ಒಂದೇ ಮುಖದ ಜಾಗವಾಗಿ ಮಾಡಲು ಹೊರಟರು. ಮೊದಲು ಜಪಾನೀ ಸೇನೆಯ ಕುಮಾಮೊತೊ ಪಡೆಯ ಸೈನಿಕರು 1896ರ ತನಕ ಅದನ್ನು ಬ್ಯಾರಕ್ಕಾಗಿ ಬಳಸಿದರು. ಆಮೇಲೆ ಶಾಲೆಗಳು ಬಂದವು. ಸೂರು ಸೋರಿ, ಕಂಬ ಕೊಳೆತು, ರಿಪೇರಿಗೆ ದುಡ್ಡಿಲ್ಲದ ಊರಾಡಳಿತ 1920ರ ದಶಕದ ಮೊದಲಲ್ಲಿ ಸೇಯ್ದೆನ್ ಕೆಡವುವ ನಿರ್ಧಾರ ಮಾಡಿತು. ಒಕಿನಾವಾದ ಕಲೆಯನ್ನು ಅಭ್ಯಸಿಸುತ್ತಿದ್ದ ಕಾಮಾಕುರಾ ಯೊಶಿತಾರೊ ಸುದ್ದಿ ತಿಳಿದು ವಾಸ್ತುಶಾಸ್ತ್ರಜ್ಞ ಇತೊ ಚುತಾ ಬಳಿಗೆ ಓಡಿದರು, ಇತೊ ಗೃಹ ಇಲಾಖೆಗೆ, ಕೆಲಸ ನಿಂತಿತು. ಆದರೆ ಅಂದಿನ ಕಾನೂನು ರಕ್ಷಿಸುತ್ತಿದ್ದುದು ಪ್ರಾಚೀನ ಶಿಂತೋ ಗುಡಿಗಳನ್ನೂ ಬೌದ್ಧ ದೇಗುಲಗಳನ್ನೂ ಮಾತ್ರ. ಹೀಗಾಗಿ ರ್ಯುಕ್ಯು ರಾಜರ ಸಭಾಭವನ ಒಕಿನಾವಾ ಶಿಂತೋ ಗುಡಿಯ ಪ್ರಾರ್ಥನಾ ಮಂಟಪವೆಂಬ ಹೆಸರಿನಲ್ಲಿ 1925ರಲ್ಲಿ ರಕ್ಷಣೆ ಪಡೆಯಿತು. ಗುಡಿಯಲ್ಲಿ ಪೂಜೆಗೊಂಡವರಲ್ಲಿ ರಾಜ ಶೋ ತಾಯ್ ಜೊತೆಗೆ, ಈ ದ್ವೀಪದ ಮೊದಲ ರಾಜನ ತಂದೆ ಎಂದು ದಂತಕಥೆ ಹೇಳುವ ಜಪಾನೀ ವೀರ ಮಿನಾಮೊತೊ ತಮೆತೊಮೊ ಕೂಡ ಇದ್ದ. ಉಳಿಯಬೇಕಾದರೆ ಜಪಾನಿನ ಕಥೆಯೊಳಗೆ ಸೇರಿಯೇ ಉಳಿಯಬೇಕಿತ್ತು.

ಮುಂದಿನ ಒಡೆಯ ನೆಲದಡಿಗೆ ಇಳಿದ. 1944ರ ಕೊನೆಯಲ್ಲಿ ಜಪಾನಿನ 32ನೆಯ ಸೇನೆ ಅರಮನೆಯ ಕೆಳಗೆ ಸುಮಾರು ಒಂದು ಕಿಲೋಮೀಟರ್ ಸುರಂಗ ತೋಡಿ ತನ್ನ ಪ್ರಧಾನ ಕಚೇರಿಯನ್ನು ಅಲ್ಲಿಟ್ಟಿತು. ಒಕಿನಾವಾ ಭಾಷೆಯಲ್ಲಿ ಮಾತಾಡುವವರನ್ನು ಗೂಢಚಾರರೆಂದು ಪರಿಗಣಿಸಲಾಗುವುದು ಎಂಬ ಆಜ್ಞೆ ಈ ಸೇನೆಯದು. ರಾಜರು ಆಡುತ್ತಿದ್ದ ಭಾಷೆಯ ವಿರುದ್ಧ ಆ ರಾಜರ ಅರಮನೆಯಡಿಯಿಂದ ಹೊರಟ ಅಪ್ಪಣೆ! 1945ರ ಮೇ ಕೊನೆಯಲ್ಲಿ ಅಮೆರಿಕದ ಯುದ್ಧನೌಕೆ ಮಿಸ್ಸಿಸ್ಸಿಪ್ಪಿ ದಿಬ್ಬದ ಮೇಲೆ ಗುಂಡಿನ ಮಳೆಗರೆಯಿತು. ಸೇನೆ ದಕ್ಷಿಣಕ್ಕೆ, ನಿರಾಶ್ರಿತರು ಕಿಕ್ಕಿರಿದ ಕಡೆಗೇ, ಹಿಮ್ಮೆಟ್ಟಿತು. ಮೇ 29ಕ್ಕೆ ಅಮೆರಿಕದ ಮರೀನ್ ಪಡೆ ಬರಿಯ ಕಲ್ಲುಮಣ್ಣಿನ ರಾಶಿಯನ್ನು ಹಿಡಿಯಿತು. ಹಳೆಯ ಕಂಚಿನ ಗಂಟೆ ಮಾತ್ರ ಗುಂಡಿನ ಗುರುತು ಹೊತ್ತು ಉಳಿಯಿತು, ಈಗ ವಸ್ತುಸಂಗ್ರಹಾಲಯದಲ್ಲಿದೆ. ದ್ವೀಪದ ಶಾಂತಿ ಸ್ಮಾರಕದ ಮೇಲೆ ಆ ಯುದ್ಧದಲ್ಲಿ ಸತ್ತ ಎಲ್ಲ ಕಡೆಯವರ 2,40,000ಕ್ಕೂ ಹೆಚ್ಚು ಹೆಸರುಗಳಿವೆ. 1950ರಲ್ಲಿ ಅಮೆರಿಕದ ಸೇನಾಡಳಿತ ಅವಶೇಷಗಳ ಮೇಲೆ ರ್ಯುಕ್ಯು ವಿಶ್ವವಿದ್ಯಾಲಯ ಕಟ್ಟಿತು. ಜಪಾನಿನಿಂದ ದ್ವೀಪವನ್ನು ಬೇರೆಯಾಗಿ ಕಾಣಿಸಲು ರ್ಯುಕ್ಯು ಎಂಬ ಹೆಸರು ಅದಕ್ಕೆ ಒದಗಿಬಂತು. ವಿದ್ಯಾರ್ಥಿಗಳು ಸೇನೆಯ ಭೂಸ್ವಾಧೀನವನ್ನು ವಿರೋಧಿಸಿದಾಗ 1956ರಲ್ಲಿ ಕೆಲವರನ್ನು ಹೊರಹಾಕುವಂತೆ ಅದೇ ಆಡಳಿತ ಒತ್ತಡ ಹೇರಿತು.

1972ರಲ್ಲಿ ಒಕಿನಾವಾ ಜಪಾನಿಗೆ ಮರಳಿತು. ಅದರ ಇಪ್ಪತ್ತನೆಯ ವರ್ಷದ ಸಂದರ್ಭಕ್ಕೆ ಕೇಂದ್ರ ಸರ್ಕಾರ ಸೇಯ್ದೆನ್ ಅನ್ನು ಮತ್ತೆ ಕಟ್ಟಿ 1992ರ ನವೆಂಬರ್‌ನಲ್ಲಿ ತೆರೆಯಿತು. 1768ರ ರಿಪೇರಿಯ ಅಳತೆ ಪುಸ್ತಕ, ಕಾಮಾಕುರಾ ಟಿಪ್ಪಣಿಗಳು ಮತ್ತು ಛಾಯಾಚಿತ್ರಗಳು, ಯುದ್ಧಪೂರ್ವದ ನಕ್ಷೆಗಳೇ ಆಧಾರ. ಮರ ಬಹುಪಾಲು ತೈವಾನಿನದು. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ನೆಲದಡಿಯ ಅವಶೇಷವೇ ಹೊರತು ಮೇಲಿನ ಹೊಸ ಕಟ್ಟಡವಲ್ಲ. ಹಾಗಾದರೆ ಮೇಲಿನದು ನಕಲಿಯೇ? ಐದಾರು ಬಾರಿ ಕಟ್ಟಿ ಸುಟ್ಟ ಅರಮನೆಯ ವಿಷಯದಲ್ಲಿ ಅಸಲು ಎಂಬ ಪ್ರಶ್ನೆಗೆ ಹೆಚ್ಚು ಅರ್ಥವಿಲ್ಲ. ಕೇಳಬೇಕಾದ್ದು ಯಾವ ಕಾಲದ್ದನ್ನು ಆರಿಸಿದರು ಎಂದು. ಆರಿಸಿದ್ದು ಹದಿನೆಂಟನೆಯ ಶತಮಾನದ್ದು, ಎರಡು ಚಾವಡಿಗಳ ಅರಮನೆಯನ್ನು. ಅದರ ಪೂರ್ಣ ದಾಖಲೆ ಇದ್ದುದು ಒಂದು ಕಾರಣ; ಆದರೂ ಆಯ್ಕೆ ಸರಿಯೆಂದೇ ನಾನು ಹೇಳುತ್ತೇನೆ, ಯಾಕೆಂದರೆ ರ್ಯುಕ್ಯುವಿನ ರಾಜನೀತಿ ಕಣ್ಣಿಗೆ ಕಾಣುವುದು ಅದರಲ್ಲೇ. ಆ ನೀತಿ ಬರಿದಾಗಿ ಮರುಕಳಿಸಿದ ದೃಶ್ಯವೂ ಒಂದಿದೆ: 2000ದ ಜುಲೈನಲ್ಲಿ ಜಿ-8 ನಾಯಕರ ಔತಣ ಉತ್ತರದ ಚಾವಡಿಯಲ್ಲೇ ನಡೆಯಿತು. ಅತಿಥಿಗಳು ಬಂದರು, ಆತಿಥೇಯನ ಸ್ಥಾನದಲ್ಲಿ ರಾಜ್ಯವಿರಲಿಲ್ಲ.

2019ರ ಅಕ್ಟೋಬರ್ 31ರ ನಸುಕಿನಲ್ಲಿ ಬೆಂಕಿ ಬಿದ್ದು ಸೇಯ್ದೆನ್, ಎರಡೂ ಚಾವಡಿಗಳು ಸುಟ್ಟುಹೋದವು. ವಿದ್ಯುತ್ ದೋಷದ ಅನುಮಾನವಿತ್ತು, ಕಾರಣ ಖಚಿತವಾಗಲಿಲ್ಲ. ಜನ ಕೊಟ್ಟ ದೇಣಿಗೆ 500 ಕೋಟಿ ಯೆನ್ ದಾಟಿತು. 2026ರ ಶರತ್ಕಾಲದ ಗುರಿಯೊಡನೆ 2022ರ ನವೆಂಬರ್‌ನಲ್ಲಿ ಮುಖ್ಯಭವನದ ಕೆಲಸ ಶುರುವಾಯಿತು. ಈ ಸಲದ ಜಗಳಗಳು ತಂತ್ರಜ್ಞರವೆಂದು ತೋರಿದರೂ ಹಾಗಿಲ್ಲ. ಮೆಟ್ಟಿಲ ಪಕ್ಕದ ಎರಡು ದೊಡ್ಡ ಡ್ರ್ಯಾಗನ್ ಕಂಬಗಳು ಒಂದನ್ನೊಂದು ನೋಡಬೇಕೇ, ಎದುರಿಗೆ ಬರುವವರನ್ನೇ? 1877ರಲ್ಲಿ ಫ್ರೆಂಚ್ ನಾವಿಕನೊಬ್ಬ ತೆಗೆದ ಛಾಯಾಚಿತ್ರ ಎದುರುಮುಖದವರಿಗೆ ಬಲ ಕೊಟ್ಟಿತು, 1768ರ ದಾಖಲೆ ಪರಸ್ಪರಮುಖದವರಿಗೆ. ರಾಜ್ಯದ ಕೊನೆಯ ವರ್ಷಗಳ ಅರಮನೆ ಬೇಕೆನ್ನುವವರು ಕೇಳುತ್ತಿರುವುದು ಕಲ್ಲಿನ ಕುತ್ತಿಗೆಯ ಬಗ್ಗೆ ಮಾತ್ರವಲ್ಲ, ನಿರ್ಧರಿಸುವ ಹಕ್ಕು ಯಾರದೆಂದು. ಕೆಳಗಿನ ಸೇನಾ ಸುರಂಗವನ್ನೂ ಸಂರಕ್ಷಿಸಿ ತೆರೆಯಬೇಕೆಂಬ ಒತ್ತಾಯ ಬೆಂಕಿಯ ನಂತರ ಬಲಗೊಂಡಿತು. ಆ ಸುರಂಗದ ವಿವರಣಾ ಫಲಕದಿಂದ ನಾಗರಿಕರ ಕೊಲೆ ಮತ್ತು ಸೇನೆಯ ಲೈಂಗಿಕ ದಾಸಿಯರ ಉಲ್ಲೇಖವನ್ನು 2012ರಲ್ಲಿ ಪ್ರಿಫೆಕ್ಚರ್ ಆಡಳಿತವೇ ಅಳಿಸಿತ್ತು ಎಂಬುದನ್ನು ನೆನೆದರೆ, ಸ್ಥಳೀಯರ ಕೈಗೆ ಬಂದೊಡನೆ ಎಲ್ಲವೂ ನೇರವಾಗುತ್ತದೆ ಎಂಬ ಭ್ರಮೆಯೂ ಬೇಡ. ಆದರೂ ಒಡೆತನದ ಪ್ರಶ್ನೆ ಹಾಗೆಯೇ ಇದೆ. 2019ರ ಫೆಬ್ರವರಿಯಲ್ಲಿ ಒಕಿನಾವಾ ಪ್ರಿಫೆಕ್ಚರ್‌ಗೆ ವರ್ಗವಾದದ್ದು ಅರಮನೆಯ ನಿರ್ವಹಣೆಯ ಹೊಣೆ ಮಾತ್ರ. ಕಟ್ಟಡ ಜಪಾನಿನ ಕೇಂದ್ರ ಸರ್ಕಾರದ ಸ್ವತ್ತು.